ಹೂಂ ಬಿದ್ದ ಮಾತು

ನಮ್ಮ ಊರಿನಲ್ಲಿ ಹೊಸ ಮಾತೊಂದು ಹುಟ್ಟಿದರೆ ಮಾರನೆಯ ದಿನದ ಸೂರ್ಯ ಹುಟ್ಟುವುದರೊಳಗೆ ಅದಕ್ಕೆ ಒಂದು ಹೂಂ ಬೀಳಬೇಕು. ಬಿದ್ದರೆ ಅದು ಉಳಿಯಿತು. ಬೀಳದಿದ್ದರೆ ಬೆಳಿಗ್ಗೆ ಅದು ಯಾರ ನಾಲಿಗೆಯ ಮೇಲೂ ಇರುವುದಿಲ್ಲ. ಗೋಡೆಯ ಮೇಲೆ ಬರೆದಿದ್ದರೆ ಅಷ್ಟು ಜಾಗ ಬೋಳಾಗಿರುತ್ತದೆ. ಫೋನಿನಲ್ಲಿ ಕಳಿಸಿದ್ದರೆ ವಾಕ್ಯದ ನಡುವೆ ಹಲ್ಲುದುರಿದ ಬಾಯಿಯ ಹಾಗೆ ಒಂದು ಸಂದು. ಯಾವುದರ ಬಗ್ಗೆ ಹೇಳಿದ್ದೆವು ಎಂಬುದು ಹೇಳಿದವರಿಗೆ ನೆನಪಿರುತ್ತದೆ, ಹೇಳಿದ ಮಾತು ಮಾತ್ರ ಸಿಗುವುದಿಲ್ಲ. ನಮಗೆ ಇದು ಅಭ್ಯಾಸ. ಹಾಲು ಕಾಯಿಸುತ್ತಾ ಹೆಂಗಸರು, "ನಿನ್ನೆ ಏನೋ ಒಂದ್ ಚೆನ್ನಾಗಂದಿದ್ನಲ್ಲ, ಹೋಯ್ತು ನೋಡು" ಎಂದು ನಕ್ಕು ಸುಮ್ಮನಾಗುತ್ತಾರೆ.

ಆ ಹೂಂ ಹೇಳುವವನು ನಾನು. ಊರ ನಡುವಿನ ಕಲ್ಲುಮಂಟಪದಲ್ಲಿ ಪ್ರತಿ ಸಂಜೆ ನಮ್ಮ ಊರದೇವರಾದ ಸ್ವಾಮಿಯ ಕಥೆಯನ್ನು ಪದ್ಯದಲ್ಲಿ ಹಾಡಿ ಓದುತ್ತಾರೆ. ಓದುವವರು ಉಸಿರು ತೆಗೆದುಕೊಳ್ಳುವಾಗ ಎದುರಿನ ಕಂಬಕ್ಕೆ ಒರಗಿ ಕೂತವನು ಹೂಂ ಅನ್ನಬೇಕು. ನನ್ನ ತಂದೆ ಅನ್ನುತ್ತಿದ್ದರು, ಅವರ ನಂತರ ನಾನು. ಹಗಲಲ್ಲಿ ಮಂಟಪದ ದೀಪಗಳಿಗೆ ಬತ್ತಿ ಹೊಸೆಯುತ್ತೇನೆ, ಸಂಜೆ ಕೂತು ಕೇಳುತ್ತೇನೆ. ನನ್ನ ಪೂಜೆ ಅಂದರೆ ಇಷ್ಟೇ. ಓದು ಮುಗಿದ ಮೇಲೆ ಜನ ತಾವು ಹುಟ್ಟಿಸಿದ ಮಾತುಗಳನ್ನು ತಂದು ನನ್ನೆದುರು ಹೇಳುತ್ತಾರೆ. ಹೂಂ ಬಂದರೆ ಬಂತು. ಅದು ನಾನು ಕೊಡುವಂಥದ್ದಲ್ಲ; ಬಿಕ್ಕಳಿಕೆಯ ಹಾಗೆ ತಾನಾಗಿ ಒಳಗಿಂದ ಏಳಬೇಕು. ಯಾರದೋ ಮನಸ್ಸು ನೋಯಬಾರದೆಂದು ಬೇಕೆಂದೇ ಹೂಂ ಅಂದರೆ ಆ ಮಾತು ಬೆಳಗಾಗುವಷ್ಟರಲ್ಲಿ ಇಲ್ಲವಾಗಿರುತ್ತದೆ.

ಮೊದಲೆಲ್ಲ ಬರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಮಾತು. ಆಮೇಲೆ ಊರಿಗೆ ನೆಟ್ ಬಂತು. ಅಬ್ಬಾ, ಆ ದಿನಗಳನ್ನು ಹೇಗೆ ಹೇಳಲಿ! ಮಂಟಪದ ಎದುರಿಗೇ ಚಂಪಾಳ ರೀಚಾರ್ಜ್ ಅಂಗಡಿ. ಅವಳು ನಮ್ಮ ಪದ್ಯ ಓದುವ ತುಂಗಮ್ಮನವರ ಸೊಸೆ. ಗಂಡ ಲಾರಿ ಓಡಿಸುತ್ತಾನೆ, ಮನೆಗಿಂತ ರಸ್ತೆಯಲ್ಲಿರುವುದೇ ಹೆಚ್ಚು. ಒಂದು ಸಂಜೆ ಓದು ಮುಗಿಯುತ್ತಲೇ ಚಂಪಾ ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತಳು.

"ಶೇಷಣ್ಣ, ಮೆಸೇಜ್ ಕಳಿಸ್ತೀವಿ. ನೋಡ್ತಾರೆ, ನೀಲಿ ಗೆರೆ ಬೀಳುತ್ತೆ. ಉತ್ತರ ಮಾತ್ರ ಕೊಡಲ್ಲ. ಅಂಥೋರ್ನ ಏನನ್ಬೇಕು ಹೇಳಿ?"

"ಏನನ್ಬೇಕಮ್ಮ?"

"ನೀಲಿಗೇಡಿ." ಅವಳು ತಿರುಗಿ, ಜನರ ನಡುವೆ ಮರೆಯಾಗಿ ಕೂತಿದ್ದ ಟೈಲರ್ ಜಬ್ಬಾರ್ ಅವರತ್ತ ಕೈ ಮಾಡಿದಳು. "ಇಲ್ಲೇ ಕೂತವ್ರೆ ನೋಡಿ. ರವಿಕೆ ಆಯ್ತಾ ಅಂತ ಕೇಳ್ದೆ, ನೀಲಿ ಬಿತ್ತು. ಹಬ್ಬಕ್ಕಾದ್ರೂ ಸಿಗುತ್ತಾ ಅಂದೆ, ನೀಲಿ ಬಿತ್ತು. ಹಬ್ಬ ಹೋಯ್ತು, ರವಿಕೆ ಬರ್ಲಿಲ್ಲ."

"ಏ, ತೋಳಿಗೆ ಲೈನಿಂಗ್ ಸಿಕ್ಲಿಲ್ಲ ಕಣಮ್ಮಾ" ಎಂದು ಜಬ್ಬಾರ್ ಟೇಪನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ನನ್ನ ಹೊಟ್ಟೆಯೊಳಗಿಂದ ಹೂಂ ಚಿಮ್ಮಿಯೇಬಿಟ್ಟಿತು. ಮಂಟಪ ನಕ್ಕಿತು. ನಾಚಿಕೆಗೇಡಿ, ಹೊಣೆಗೇಡಿ ಎಂದು ಬೈಗುಳದ ಮೂಲೆಯಲ್ಲಿ ಮುದುರಿ ಕೂತಿದ್ದ ಗೇಡಿ ಎಂಬ ಹಳೆಯ ಬಾಲ ಅವತ್ತು ಎದ್ದು ಕುಣಿಯತೊಡಗಿತು. ಉಪ್ಪು ಮರೆತ ಸಾರು ಉಪ್ಪುಗೇಡಿಯಾಯಿತು. ಮಧ್ಯಾಹ್ನಕ್ಕೇ ಕಣ್ಣುಮುಚ್ಚುವ ಫೋನು ಚಾರ್ಜುಗೇಡಿ. ಡಾಕ್ಟರು ಸಿಹಿ ಬೇಡ ಅಂದವರ ಕಾಫಿ ಸಕ್ಕರೆಗೇಡಿ. ಜಬ್ಬಾರ್ ತಾವೇ ಅಂಗಡಿಯ ಬಾಗಿಲಿಗೆ "ನೀಲಿಗೇಡಿ ಟೈಲರ್ಸ್" ಎಂದು ಬರೆಸಿಕೊಂಡರು. ವ್ಯಾಪಾರ ಹೆಚ್ಚಿತು, ರವಿಕೆಗಳು ಮಾತ್ರ ಮೊದಲಿನಷ್ಟೇ ತಡ.

ಆಮೇಲೆ ತಡೆಯೇ ಇರಲಿಲ್ಲ. ಸಿಡುಕಿಗೂ ಇಮೋಜಿಗೂ ಮದುವೆ ಮಾಡಿ ಸಿಡುಮೋಜಿ ತಂದರು, ಅದರ ಹಿಂದೆಯೇ ಅಳುಮೋಜಿ, ಕೊಂಕುಮೋಜಿ ಬಂದವು. ಸ್ವಾಮಿಯ ಅರ್ಚಕರು, "ಕೊಂಕುಮೋಜಿ ಮಾಡ್ಬೇಡ್ರೀ, ತೀರ್ಥ ತಗೊಳ್ಳಿ" ಎಂದು ಗದರುವಷ್ಟಾಯಿತು. ಆನ್‌ಲೈನ್ ಎಂದು ತೋರಿಸುತ್ತಲೇ ಗೊರಕೆ ಹೊಡೆಯುವವನು ನಿದ್ರಾನ್‌ಲೈನು. ಕನ್ನಡಿ ಕಂಡಲ್ಲೆಲ್ಲ ಫೋನೆತ್ತುವವಳು ಸೆಲ್ಫಿಬುರುಕಿ. ಎಲ್ಲಕ್ಕೂ ಹೂಂ ಬೀಳಲಿಲ್ಲ, ಎಷ್ಟೋ ಬೆಳಿಗ್ಗೆ ಇರಲಿಲ್ಲ; ಆದರೆ ಉಳಿದವು ಬೀದಿ ತುಂಬಾ ಓಡಾಡುತ್ತಿದ್ದವು. ಪದ್ಯದಲ್ಲಿ ಎರಡು ಮಾತು ಕೂಡಿ ಮೂರನೆಯದೊಂದು ಏಳುವುದನ್ನು ಕೇಳಿ ಕಣ್ಣು ಮುಚ್ಚುತ್ತಿದ್ದ ನಾನು, ಈಗ ಹಾಲು ತರಲು ಹೋದಲ್ಲೇ ಅದೇ ಪುಳಕ ಪಡುತ್ತಿದ್ದೆ. ಇಷ್ಟು ದಿನ ಸ್ವಾಮಿ ಮಂಟಪದೊಳಗೆ ಮಾತ್ರ ಮಾತು ಹೆಣೆಯುತ್ತಾನೆ ಎಂದುಕೊಂಡಿದ್ದೆ. ಅವನು ರೀಚಾರ್ಜ್ ಅಂಗಡಿಯ ಸ್ಟೂಲಿನ ಮೇಲೂ ಕೂತಿದ್ದ!

ತುಂಗಮ್ಮನವರಿಗೂ ಇದರಲ್ಲಿ ಬಹಳ ಗೆಲುವು. ಓದಿಗೆ ಬರುವ ಮೊದಲು ಸೊಸೆಯ ಅಂಗಡಿಯಲ್ಲಿ ಕೂತು, "ಇವತ್ತೇನೇ ಹೊಸದು?" ಎಂದು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರ ದನಿಯ ಬಗ್ಗೆ ಏನು ಹೇಳಲಿ? ನಾನು ನಡೆಯಲು ಕಲಿಯುವ ಮೊದಲೇ ಆ ದನಿಗೆ ತಲೆದೂಗುತ್ತಿದ್ದೆನಂತೆ. ಹೂಂ ಎಂದರೇನೆಂದು ನನಗೆ ಕಲಿಸಿದ್ದೇ ಅವರ ಪದ್ಯಗಳ ನಡುವಿನ ಬಿಡುವು.

ಆ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದಾಗ ಬಲಗೈ ಏಳುತ್ತಿರಲಿಲ್ಲ, ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ಪೂರ್ತಿ ನಿಂತಿತ್ತು. ಪದ್ಯವೂ ಇಲ್ಲ, ಸೊಸೆಯ ಹೆಸರೂ ಇಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಬಾಯಿ ತೆರೆದು ಒಂದೇ ಒಂದು ಮಾತು ಆಡಿದರು. ಕಿಟಕಿಯ ಅರ್ಧ, ಬೆಳಕಿನ ಅರ್ಧ, ಎರಡೂ ಬೆಸೆದ ಮಾತು. ಅದೇನೆಂದು ಇಲ್ಲಿ ಬರೆಯಲಾರೆ, ಅದು ಉಳಿದಿಲ್ಲ. ಕಿಟಕಿ ತೆಗೆ, ಬೆಳಕು ಬರಲಿ ಎಂದು ಅವರ ಆಸೆ. ಚಂಪಾ ಕಿಟಕಿ ತೆಗೆದು, ಅತ್ತೆಯನ್ನು ತಬ್ಬಿಕೊಂಡು, ಅಂಗಡಿಯ ಬಾಗಿಲು ತೆರೆದದ್ದು ತೆರೆದಂತೆಯೇ ಬಿಟ್ಟು ನನ್ನ ಮನೆಗೆ ಓಡಿ ಬಂದಳು.

"ಅತ್ತೆ ಮಾತಾಡಿದ್ರು ಶೇಷಣ್ಣ! ನಮ್ ಹುಡುಗ್ರು ಮಾಡ್ತಾರಲ್ಲ, ಹಂಗೇ ಎರಡನ್ನ ಕೂಡ್ಸಿ!"

ಸಂಜೆ ಮಂಟಪದಲ್ಲಿ ಕಂಬಕ್ಕೆ ಒರಗಿ ಕೂತೆ. ಅವಳು ಆ ಮಾತನ್ನು ಹೇಳಿದಳು. ನಾನು ಕಾದೆ. ಏನೂ ಏಳಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಮತ್ತೂ ಒಮ್ಮೆ ಹೇಳಿದಳು. ನನ್ನ ಕಿವಿ ಮಾತನ್ನು ಕೇಳುತ್ತಿರಲಿಲ್ಲ. ಬಂತೇ, ಬರುತ್ತಿದೆಯೇ ಎಂದು ನನ್ನ ಗಂಟಲನ್ನೇ ಕೇಳುತ್ತಿತ್ತು. ನಿದ್ದೆ ಬರಲೇಬೇಕೆಂದು ಕಣ್ಣು ಬಿಗಿಹಿಡಿದವನ ಪಾಡು ನನ್ನದು. ಕೊನೆಗೆ ತಡೆಯಲಾರದೆ ಹೂಂ ಅಂದುಬಿಟ್ಟೆ. ಚಂಪಾ ನನ್ನ ಮುಖ ನೋಡಿದಳು. ಅದು ತಾನಾಗಿ ಬಂದದ್ದಲ್ಲವೆಂದು ಅವಳಿಗೂ ಗೊತ್ತಾಯಿತು.

ಮರುದಿನ ಮಾತು ಹೋಗಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತುಂಗಮ್ಮನವರು ಕಿಟಕಿಯ ಕಡೆ ಕೈ ತೋರಿಸಿ ಬಾಯಿ ತೆರೆದರೆ ಅವರಿಗೆ ಕಿಟಕಿಯೂ ಸಿಗಲಿಲ್ಲ, ಬೆಳಕೂ ಸಿಗಲಿಲ್ಲ. ಸತ್ತ ಮಾತು ತನ್ನ ಎರಡು ಅರ್ಧಗಳನ್ನೂ ಅವರಿಂದ ಕಿತ್ತುಕೊಂಡು ಹೋಗಿತ್ತು. ನಮಗೆ ಹಾಗಾಗುವುದಿಲ್ಲ, ನಮ್ಮ ಬಳಿ ಹಳೆಯ ಮಾತು ಇಡಿಯಾಗಿ ಇರುತ್ತದೆ. ಅವರ ಬಳಿ ಇದ್ದದ್ದು ಅರ್ಧಗಳು ಮಾತ್ರ. ಹಸಿವು ಮತ್ತು ಅನ್ನ ಸೇರಿದ ಮಾತೊಂದು ಹಾಗೇ ಹೋಯಿತು. ಮಗನೂ ಲಾರಿಯೂ ಕೂಡಿದ್ದೊಂದು ಹೋಯಿತು. ಪ್ರತಿ ಸಂಜೆ ಚಂಪಾ ಬಂದು ನಿಲ್ಲುವಳು, ಪ್ರತಿ ಸಂಜೆ ನನ್ನ ಗಂಟಲು ಕಲ್ಲಾಗುವುದು.

"ಟೈಲರ್‌ನ ಆಡ್ಕೊಂಡ್ರೆ ಬರುತ್ತೆ ನಿಮ್ ಹೂಂ" ಅಂದಳು ಒಂದು ದಿನ. "ಅತ್ತೆಗ್ ಬರಲ್ಲ. ನೀವೇ ದೊಡ್ಡ ನೀಲಿಗೇಡಿ ಶೇಷಣ್ಣ. ಎಲ್ಲಾ ಕೇಳಿಸ್ಕೋತೀರ, ಉತ್ತರ ಕೊಡಲ್ಲ."

ಜಬ್ಬಾರ್ ಅವಳನ್ನು ಸಮಾಧಾನ ಮಾಡಲು ಹೋದರು. "ಅವ್ರೇನ್ ಬೇಕೂಂತ ಮಾಡ್ತಾರಾ ತಂಗಿ?"

"ನೀವ್ ಸುಮ್ನಿರಿ ಜಬ್ಬಾರಣ್ಣ. ನಾಳೆ ಅತ್ತೆಗೆ ನೀರು ಅನ್ನೋದೂ ಬರಲ್ಲ. ಆಗ ಲೈನಿಂಗ್ ಕುಡಿಸ್ಲಾ?"

ಅಂದಿನಿಂದ ಅವಳು ಬರುವುದನ್ನು ನಿಲ್ಲಿಸಿದಳು. ಅತ್ತೆ ಮಾತಾಡದಂತೆಯೂ ನೋಡಿಕೊಂಡಳು. ತುಂಗಮ್ಮನವರು ಅಂಗಡಿಯೊಳಗೆ ಗಾಲಿಕುರ್ಚಿಯಲ್ಲಿ ಹಗಲೆಲ್ಲ ಕೂತಿರುತ್ತಿದ್ದರು. ತುಟಿ ಅಲುಗಿದರೆ ಸಾಕು, ಚಂಪಾ ರೀಚಾರ್ಜ್ ಬಿಟ್ಟು ಬಂದು ಅವರ ಬಾಯಿಗೆ ಮೆಲ್ಲಗೆ ಬೆರಳಿಡುತ್ತಿದ್ದಳು. "ಬೇಡ ಅತ್ತೆ, ಖರ್ಚ್ ಮಾಡ್ಬೇಡಿ. ಇಟ್ಕೊಳ್ಳಿ." ಗಿರಾಕಿಗಳು ಬಂದು ನಗಿಸುತ್ತಿದ್ದರು, ಹೊಸ ಹೊಸ ಬಾಲಗಳನ್ನು ಹಚ್ಚಿ ಕೂಗಾಡುತ್ತಿದ್ದರು. ತುಂಗಮ್ಮನವರು ಕೇಳುತ್ತಿದ್ದರು, ಕಣ್ಣಲ್ಲಿ ನಗುತ್ತಿದ್ದರು, ತುಟಿ ಬಿಗಿದಿರುತ್ತಿತ್ತು. ಎಷ್ಟು ಮಾತು ಒಳಗೆ ಕೂಡಿತ್ತೋ ಆ ಸ್ವಾಮಿಗೇ ಗೊತ್ತು.

ಮಂಟಪದ ಓದು ನಿಲ್ಲಬಾರದಲ್ಲ. ಕಾಯಿಲೆಗೆ ಮೊದಲು ಚಂಪಾ ಅತ್ತೆಯ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಜಬ್ಬಾರ್ ಅದನ್ನು ತಮ್ಮ ಫೋನಿಗೆ ತುಂಬಿಸಿಕೊಂಡು, ಅಂಗಡಿಯ ಸ್ಪೀಕರ್ ತಂದು ಪೀಠದ ಮೇಲಿಟ್ಟು ದಿನಾ ಹಾಕುತ್ತಿದ್ದರು. ನಾನು ಕಂಬಕ್ಕೆ ಒರಗಿ ಸ್ಪೀಕರಿಗೆ ಹೂಂ ಅನ್ನುತ್ತಿದ್ದೆ. ತಮ್ಮ ದನಿ ಕೇಳಿದಾಗಲೆಲ್ಲ ಮಂಟಪದತ್ತ ಕೈ ತೋರುತ್ತಿದ್ದ ಅತ್ತೆಯನ್ನು ತಡೆಯಲಾರದೆ ಚಂಪಾ ಒಂದು ಸಂಜೆ ಕುರ್ಚಿಯನ್ನು ತಳ್ಳಿಕೊಂಡು ಮಂಟಪಕ್ಕೇ ಬಂದಳು. ನನ್ನ ಕಡೆ ನೋಡಲಿಲ್ಲ. ದೀಪಗಳು ಹತ್ತಿದ್ದವು. ಕಥೆಯಲ್ಲಿ ಸ್ವಾಮಿ ಇನ್ನೂ ದನ ಕಾಯುವವನು. ಹೊಳೆ ತುಂಬಿ ಬಂದಿದೆ, ಆಚೆ ದಡದಲ್ಲಿ ಅವನ ಕರು ಉಳಿದುಬಿಟ್ಟಿದೆ. ಕರೆಯಲು ಅವನು ಬಾಯಿಗೆ ಕೈ ಹಿಡಿದ ಎಂಬಲ್ಲಿಗೆ ಪದ್ಯ ಬಂದಿತ್ತು. ಅಷ್ಟರಲ್ಲಿ ದನಿ ಪಕ್ಕನೆ ನಿಂತಿತು.

ಜಬ್ಬಾರ್ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. "ಚಾರ್ಜುಗೇಡಿ!"

ಯಾರೋ ನಕ್ಕರು, ಇನ್ಯಾರೋ ವೈರು ತರಲು ಎದ್ದರು. ನಮ್ಮ ಮಂಟಪದಲ್ಲಿ ಶುರುವಾದ ಪದ್ಯವನ್ನು ಅರ್ಧಕ್ಕೆ ಬಿಡುವುದಿಲ್ಲ. ಓದುವವರಿಗೆ ಕೆಮ್ಮು ಬಂದರೂ ಪಕ್ಕದವರು ಮುಗಿಸಿಯೇ ನೀರು ಕೊಡುತ್ತಾರೆ. ಈಗ ಮುಗಿಸಲು ಯಾರಿದ್ದಾರೆ? ನಾವೆಲ್ಲ ಕೇಳಿ ಬೆಳೆದವರೇ ಹೊರತು ಹಾಡಿದವರಲ್ಲ. ಆಗ ಕುರ್ಚಿಯ ಕಡೆಯಿಂದ ರಾಗ ಕೇಳಿಸಿತು. ಮಾತಿಲ್ಲದ ರಾಗ. ದನಿ ಒಡೆದಿತ್ತು, ಆದರೆ ಪದ್ಯ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿಂದಲೇ ಎತ್ತಿಕೊಂಡಿತ್ತು.

"ಬೇಡ ಅತ್ತೆ!" ಚಂಪಾ ಅವರ ಮುಂದೆ ಮೊಣಕಾಲೂರಿದಳು. "ಎಲ್ಲಾ ಹೋಗ್ಬಿಡುತ್ತೆ, ನನ್ನಾಣೆ ಬೇಡ!"

ತುಂಗಮ್ಮನವರು ಎಡಗೈಯಿಂದ ಸೊಸೆಯ ಬೆರಳನ್ನು ತಮ್ಮ ತುಟಿಯ ಮೇಲಿನಿಂದ ಸರಿಸಿದರು. ಆಮೇಲೆ ಹಾಡಿದರು:

"ಹೊಳೆಯು ಸಿಡುಮೋಜಿಯಲಿ ನಿಂತಿದೆ, ನೀಲಿಗೇಡಿಯ ಕರುವು ಕೇಳದು..."

ಹಿಂದೆ ಕೂತಿದ್ದ ಹುಡುಗಿಯರ ಕಿಸಕ್ಕೆಂಬ ನಗು ಅರ್ಧಕ್ಕೇ ನಿಂತಿತು. ಏಕೆಂದರೆ ಹೊಳೆ ನಿಜಕ್ಕೂ ಮುಖ ಸಿಂಡರಿಸಿಕೊಂಡು ನಮ್ಮ ಮುಂದೆ ನಿಂತಿತ್ತು! ಕರು ಆಚೆ ದಡದಲ್ಲಿ ಕಿವಿ ನಿಮಿರಿಸಿಕೊಂಡು ಕೇಳಿಯೂ ಉತ್ತರ ಕೊಡದೆ ನಿಂತಿತ್ತು. ಇಷ್ಟು ದಿನ ಆ ಪದ್ಯ ಕೇಳಿದ್ದೆ, ಅದರ ಕರು ಅಷ್ಟು ಹಟಮಾರಿ ಎಂದು ನನಗೆ ಗೊತ್ತೇ ಇರಲಿಲ್ಲ. ತುಂಗಮ್ಮನವರು ಮುಂದಿನ ಸಾಲಿಗೆ ಏರಿದರು. ಅಂಗಡಿಯ ಮಾತುಗಳು ಮುಗಿದಿದ್ದವು, ಇವು ಅವರವೇ:

"ಮಬ್ಬುಸಿರಿನಲಿ ಕರೆವ ದೇವನ ಒಳಗೆ ಗಂಟಳು..."

ಮಬ್ಬೂ ಉಸಿರೂ, ಗಂಟಲೂ ಅಳುವೂ. ಕರೆದು ಕರೆದು ಸೋತ ಹುಡುಗನ ಗಂಟಲಲ್ಲಿ ಸಿಕ್ಕಿಕೊಂಡ ಅಳು. ಸಾಲು ಮುಗಿಯಲು ಇನ್ನೊಂದು ದೀರ್ಘ ಬೇಕಿತ್ತು, ಅವರ ಬಳಿ ಅದಕ್ಕೆ ಮಾತಿರಲಿಲ್ಲ. ಅವರು ಎಡಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ಆ ಖಾಲಿ ಜಾಗದಲ್ಲಿ, ತಾಳಕ್ಕೆ ಸರಿಯಾಗಿ, ಯಾರೋ ಹೂಂ ಅಂದರು.

ಅದು ನಾನು. ಅಂದದ್ದು ನನಗೆ ಆಮೇಲೆ ಗೊತ್ತಾಯಿತು. ನಾನಾಗ ಹೊಳೆಯ ದಡದಲ್ಲಿದ್ದೆ.

ತುಂಗಮ್ಮನವರ ಎಳೆದ ಬಾಯಿ ನಕ್ಕಿತು. "ಬಾರೊ ಮುದ್ದರು, ಬಾರೊ ಹಾಲ್ಮನೆ" ಎಂದು ಕರೆದರು. ಮುದ್ದಿನ ಕರು, ಹಾಲಿನ ಮನೆ. ಹೂಂ! ಇನ್ನೊಂದು ಸಾಲು. ಹೂಂ! ಕೂಡಿಟ್ಟದ್ದನ್ನೆಲ್ಲ ಆ ಹೆಂಗಸು ಎರಡೂ ದಡದ ನಡುವೆ ಚೆಲ್ಲಿಬಿಟ್ಟರು. ನೀರಿಗೆ ಕಾಲು ಬಂತು, ಕತ್ತಲೆಗೆ ಕೊಂಬು ಬಂತು, ಬಾಲಗಳು ಎಲ್ಲೆಲ್ಲೋ ಅಂಟಿಕೊಂಡವು. ಒಂದೂ ತಾಳ ತಪ್ಪಲಿಲ್ಲ. ಜಬ್ಬಾರ್ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ತಲೆದೂಗುತ್ತಿದ್ದರು. ಕೊನೆಯ ಸಾಲಿಗೆ ಕರು ನೀರಿಗಿಳಿಯಿತು, ಈಜಿತು, ಸ್ವಾಮಿಯ ಕೈಗೆ ಮೂತಿ ಉಜ್ಜಿತು. ಮಂಟಪವೆಲ್ಲ ಎದ್ದು ನಿಂತು ಕೂಗಿತು. ಚಂಪಾ ಮಾತ್ರ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು.

"ಈ ಹೂಂ ನಿಜವಾದ್ದಾ ಶೇಷಣ್ಣ?" ಎಂದು ಕೇಳಿದಳು.

"ನನ್ನನ್ ಕೇಳ್ಬೇಡಮ್ಮ. ನಾನಲ್ಲಿ ಇರ್ಲಿಲ್ಲ."

ಬೆಳಗಿನ ಜಾವವೇ ಎದ್ದು ಅವಳ ಮನೆಯತ್ತ ನಡೆದೆ. ಜಬ್ಬಾರ್ ಆಗಲೇ ಜಗಲಿಯ ಮೇಲೆ ಕೂತಿದ್ದರು, ತೊಡೆಯ ಮೇಲೊಂದು ಹೊಸ ರವಿಕೆ. "ಏನೂ ತೋಚ್ಲಿಲ್ಲ. ಇದನ್ನಾದ್ರೂ ಮುಗಿಸೋಣ ಅಂತ ಹೊಲ್ದೆ" ಅಂದರು. ಇಬ್ಬರೂ ಒಳಗೆ ಹೋದೆವು. ಚಂಪಾ ನಿದ್ದೆ ಮಾಡಿರಲಿಲ್ಲ. ಅಂಗಳದ ಗೋಡೆ ನಿಧಾನಕ್ಕೆ ಕೆಂಪಾಯಿತು. ಸೂರ್ಯ ಬಂದಾಯಿತು. ಮೂವರಲ್ಲಿ ಯಾರಿಗೂ ಬಾಯಿ ತೆರೆದು ನೋಡುವ ಧೈರ್ಯವಿಲ್ಲ.

ಕೊನೆಗೆ ಜಬ್ಬಾರ್ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಅಂದರು. "ಗಂಟಳು." ಆಮೇಲೆ ಜೋರಾಗಿ, "ಮಬ್ಬುಸಿರು! ಹಾಲ್ಮನೆ! ಮುದ್ದರು! ಐತೆ ತಂಗಿ, ಎಲ್ಲಾ ಐತೆ!"

ಚಂಪಾ ಅವರ ಕಡೆ ತಿರುಗಲೂ ಇಲ್ಲ. ಕಾಫಿಯ ಲೋಟ ಹಿಡಿದುಕೊಂಡು ಮಂಚದ ಬಳಿ ಹೋದಳು. ನಮ್ಮ ನಾಲಿಗೆಯ ಮೇಲೆ ಇದ್ದರೆ ಅವಳಿಗೇನು, ಅತ್ತೆಯ ನಾಲಿಗೆಯ ಮೇಲೆ ಇರಬೇಕಲ್ಲ. ತುಂಗಮ್ಮನವರು ಕಣ್ಣುಬಿಟ್ಟು ಲೋಟವನ್ನು ನೋಡಿದರು, ಅದನ್ನು ಹಿಡಿದ ಕೈಯನ್ನು ನೋಡಿದರು, ಮೇಲಕ್ಕೆ ಮುಖ ನೋಡಿದರು. ಕಾಯಿಲೆ ಬಿದ್ದಾಗಿನಿಂದ ಸೊಸೆಯನ್ನು ಹೆಸರಿಟ್ಟು ಕರೆದಿರಲಿಲ್ಲ. ತುಟಿ ಅಲುಗಿತು. ಈ ಸಲ ಚಂಪಾ ಬೆರಳು ಅಡ್ಡ ತರಲಿಲ್ಲ.

"ಚಂಪರಲೆ" ಅಂದರು ತುಂಗಮ್ಮನವರು. ಚಂಪಾಳ ಹೆಸರಿಗೆ ತರಲೆ ಕೂಡಿಸಿ. ಹೇಳಿ, ತಮಗೇ ನಗು ಬಂದು, ಇನ್ನೊಮ್ಮೆ ಅಂದರು. "ಏ ಚಂಪರಲೆ!"

ಆ ಮಾತಿಗೆ ನಾನು ಹೂಂ ಅನ್ನಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಆದರೂ ಅದು ಉಳಿದಿದೆ, ಇವತ್ತು ಬೀದಿಗೆ ಬೀದಿಯೇ ಅವಳನ್ನು ಹಾಗೆ ಕರೆಯುತ್ತದೆ. ನನ್ನ ಗಂಟಲು ಏಳುವ ಮೊದಲೇ, ಊರಿನ ಪ್ರತಿಯೊಂದಕ್ಕೂ ಒಂದು ಮಾತು ಹುಟ್ಟಿಸಿದ ಆ ಹುಡುಗಿ, ತನ್ನ ಬಾಯಲ್ಲಿ ಬೇರೇನೂ ಉಳಿಯದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೂಂ, ಅತ್ತೆ" ಅಂದಿದ್ದಳು.